ವೇದಿಕೆಯ ಕೆಳಗಿನ ತೊಟ್ಟಿ

ಸ್ಲೇಟ್ ಗಣಿ ನಿಂತ ಮೇಲೆ ವೇಲ್ಸ್‌ನ ನಮ್ಮ ಊರು ಅರ್ಧ ಖಾಲಿಯಾಗಿತ್ತು, ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರ ಪ್ರಾರ್ಥನಾಮಂದಿರವಾಗಿದ್ದ ಚಾಪೆಲ್‌ಗೂ ಬೀಗ ಬಿದ್ದಿತ್ತು. ನಾನೂ ನನ್ನ ಗಂಡ ಎಮ್ರಿಸ್ಸೂ ಅದನ್ನು ಮನೆ ಮಾಡಿಕೊಳ್ಳಲೆಂದು ಕೊಂಡಾಗ ಊರಿನವರು ಎದುರಿಗೆ ಏನೂ ಅನ್ನಲಿಲ್ಲ. ದೇವರ ಜಾಗದಲ್ಲಿ ಇನ್ನು ಬೇಕನ್ ಹುರಿಯುತ್ತಾರಂತೆ ಎಂದು ಹಿಂದಿನಿಂದ ನಕ್ಕರಂತೆ.

ಪಾದ್ರಿ ನಿಂತು ಬೋಧಿಸುತ್ತಿದ್ದ ಕಡೆ ಅಡುಗೆಮನೆ ಬರಬೇಕಿತ್ತು. ಅಲ್ಲಿನ ಹಲಗೆ ಕೀಳುವಾಗ ಟೊಳ್ಳು ಸದ್ದು ಕೇಳಿಸಿತು. ಟಾರ್ಚ್ ಬಿಟ್ಟು ನೋಡಿದರೆ ಕೆಳಗೊಂದು ಕಲ್ಲಿನ ತೊಟ್ಟಿ, ಇಳಿಯಲು ಮೆಟ್ಟಿಲು, ತಳದಲ್ಲಿ ತಿಳಿನೀರು. ಗೋರಿ ಇರಬಹುದು ಎಂದು ಎಮ್ರಿಸ್ ಹಿಂದೆ ಸರಿದ. ನಾವಿಬ್ಬರೂ ಬೇರೆ ಪಂಗಡದವರು. ನಮ್ಮಲ್ಲಿ ಮಗುವಿನ ಹಣೆಗೆ ನೀರು ಚಿಮುಕಿಸಿದರೆ ಮುಗಿಯಿತು. ಬೆಳೆದವರನ್ನು ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸುತ್ತಿದ್ದ ತೊಟ್ಟಿ ಇದು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಪಂಪ್ ಇಟ್ಟು ಖಾಲಿ ಮಾಡಿದರೂ ಬೆಳಗಾಗುವಷ್ಟರಲ್ಲಿ ನೀರು ಮತ್ತೆ ಬಂದಿರುತ್ತಿತ್ತು. ಕಾಂಕ್ರೀಟ್ ಸುರಿದುಬಿಡಿ ಎಂದ ಮೇಸ್ತ್ರಿ. ನನಗೆ ಮನಸ್ಸಾಗಲಿಲ್ಲ. ಇದು ಬರುವುದಾದರೂ ಎಲ್ಲಿಂದ ಎಂದು ಊರಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಸುದ್ದಿ ಪಕ್ಕದ ಮನೆಯ ಎಲಿನೆಡ್ ಆಂಟಿಯ ಕಿವಿಗೂ ಬಿತ್ತು. ಎಂಬತ್ತು ದಾಟಿದವರು, ನಾವು ಬಂದಾಗಿನಿಂದ ಒಮ್ಮೆಯೂ ಹೊಸ್ತಿಲು ತುಳಿದಿರಲಿಲ್ಲ. ಅವತ್ತು ಮಧ್ಯಾಹ್ನ ಕೋಲೂರಿಕೊಂಡು ನೇರ ಒಳಗೆ ಬಂದರು.

ಚಾಪೆಲ್ ಕಟ್ಟಿದ್ದೇ ಬೆಟ್ಟದ ಒರತೆಯ ಮೇಲೆ, ಅದನ್ನು ನಿಲ್ಲಿಸುವುದು ಯಾರ ಕೈಲೂ ಆಗದ ಕೆಲಸ ಅಂದರು. ಆಮೇಲೆ ತೊಟ್ಟಿಯ ಅಂಚಿಗೆ ಕುರ್ಚಿ ಹಾಕಿಸಿಕೊಂಡು ತಮ್ಮ ಕಥೆ ತೆಗೆದರು. ಹರೆಯದಲ್ಲಿ ದೀಕ್ಷಾಸ್ನಾನಕ್ಕೆಂದು ಬಿಳಿ ನಿಲುವಂಗಿ ತೊಟ್ಟು ಇಲ್ಲೇ ಸಾಲಿನಲ್ಲಿ ನಿಂತಿದ್ದರಂತೆ. ಮುಂದಿದ್ದ ದಢೂತಿ ಹುಡುಗ ಗ್ವಿಲಿಮ್ ಮೆಟ್ಟಿಲಲ್ಲಿ ಜಾರಿ, ಪಾದ್ರಿಯನ್ನೂ ಎಳೆದುಕೊಂಡು ಮುಳುಗಿದ. ಪಾದ್ರಿ ಮೇಲೆದ್ದಾಗ ಮೂಗಿನ ಮೇಲೆ ಕನ್ನಡಕ ಇಲ್ಲ. ಎಲಿನೆಡ್‌ಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಪಾದ್ರಿ ಇವರನ್ನು ದೀಕ್ಷೆ ಕೊಡದೆ ಮನೆಗೆ ಕಳಿಸಿಬಿಟ್ಟರು. ಮುಂದಿನ ಸಲ ಅಪ್ಪ ಎಷ್ಟು ಕರೆದರೂ ಇವರು ಹಟ ಹಿಡಿದು ಬರಲಿಲ್ಲ. ಮದುವೆಯಾದ ಮೇಲಂತೂ ಗಂಡನ ಜೊತೆ ಅವನ ಮೆಥಡಿಸ್ಟ್ ಪಂಗಡದ ಕಡೆ ಹೋದರು.

"ಕೋಪ ಏನಿಲ್ಲ ಕಣೇ," ಅಂದರು. "ನೀರು ಎಷ್ಟು ತಣ್ಣಗಿತ್ತು ಅನ್ನೋದೊಂದೇ ಇಷ್ಟು ವರ್ಷ ಕೊರೀತಾ ಇರೋದು. ನಮ್ಮಕ್ಕ ಜೀವಾನೇ ಹೋಯ್ತು ಅಂತಿದ್ಲು. ಗ್ವಿಲಿಮ್‌ನ ಕೇಳಿದ್ರೆ ಬೆಚ್ಚಗಿತ್ತು ಅಂತಾನೆ, ಸುಳ್ಳ."

"ಇಳೀತೀರಾ ಆಂಟಿ?" ಅಂದೆ.

"ಕೇಳ್ಲಿ ಅಂತಾನೇ ಕಾಯ್ತಿದ್ದೆ. ಕಾಲುಚೀಲ ಮನೇಲೇ ಬಿಚ್ಚಿಟ್ಟು ಬಂದಿದೀನಿ."

ಒಂದು ಕೈ ನಾನು, ಇನ್ನೊಂದು ಕೈ ಎಮ್ರಿಸ್ ಹಿಡಿದು ಇಳಿಸಿದೆವು. ಮೊಣಕಾಲುದ್ದ ನೀರಲ್ಲಿ ಅವರು ಕಣ್ಣುಮುಚ್ಚಿ ನಿಂತರು. ಪ್ರಾರ್ಥನೆ ಇರಬೇಕು ಅಂದುಕೊಂಡೆವು. ನೋಡಿದರೆ ಅವರ ಭುಜ ಕುಲುಕುತ್ತಿತ್ತು, ನಗುತ್ತಿದ್ದರು.

"ಅಕ್ಕ ಹೇಳಿದ್ದೇ ಸರಿ," ಅಂದರು ಹಲ್ಲು ಕಟಕಟಿಸುತ್ತ. "ಬೇಗ ಮೇಲೆತ್ರೋ ನನ್ನ."

ಅಡುಗೆಮನೆಯನ್ನು ಬಾಗಿಲ ಕಡೆಗೆ ಸರಿಸಿದೆವು. ತೊಟ್ಟಿಗೆ ಸುತ್ತ ಕಂಬಿ ಹಾಕಿಸಿ ಹಾಗೇ ಬಿಟ್ಟೆವು. ಈಗ ಊರಿನವರು ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲು ಬಗ್ಗಿ ನೀರಿಗೆ ಕೈ ಅದ್ದಿ ನೋಡುತ್ತಾರೆ, ಆಮೇಲೆ ಟೀ ಇದೆಯಾ ಎಂದು ಕೇಳುತ್ತಾರೆ.