ಹಾಲಗಂಬದೊಳಗಿನ ದರ್ಜಿ

ಯಲಬುರ್ಗೆಯ ದೇವೇಂದ್ರಪ್ಪ ಹೈದರಾಬಾದಿನಿಂದ ಬಿ.ಎ. ಪದವಿಯನ್ನೂ ಹತ್ತಾರು ಜನರ ದನಿಯನ್ನೂ ಹೊತ್ತು ತಂದಿದ್ದ. ಪದವಿ ಮೂರನೆಯ ದರ್ಜೆಯದು. ದನಿಗಳು ಮಾತ್ರ ಅಸಲಿಗಿಂತ ಅಸಲಿ. ತಹಸೀಲ್ದಾರರ ಕೆಮ್ಮು, ಹಿಂಡಲು ಕೂತಾಗಿನ ಎಮ್ಮೆಯ ಮುನಿಸು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದವು. ಒಂದು ಮುಂಜಾನೆ ಅವನು, ತೀರಿಹೋದ ಅಜ್ಜನ ದನಿಯಲ್ಲಿ "ವಿರೂಪಾಕ್ಷೀ, ಚಹಾ ತಾರವಾ" ಎಂದು ಕೂಗಿದ್ದೇ ತಡ, ತಾಯಿ ವಿರೂಪಾಕ್ಷಮ್ಮ ಸೆರಗು ಹೊದ್ದು ಚಹಾ ತಂದೇಬಿಟ್ಟಿದ್ದಳು. ಅಂದಿನಿಂದ ಆಕೆ ಮಗ ಮನೆಯಲ್ಲಿದ್ದಾಗ ಕೇಳಿಸಿದ ಯಾವ ಸದ್ದನ್ನೂ ನಂಬುತ್ತಿರಲಿಲ್ಲ.

ತಂಗಿ ಶೇಖರಮ್ಮನ ಮದುವೆ ಗೊತ್ತಾಗಿತ್ತು. ಹಿತ್ತಲ ಪಡಸಾಲೆಯಲ್ಲಿ ಬಾಬಾಸಾಬ ಹಿಂದಿನ ಅಮಾವಾಸ್ಯೆಯಿಂದ ಮಿಷಿನ್ ಹೂಡಿಕೊಂಡು ಹೊಲಿಯುತ್ತಿದ್ದ. ಬೀಗರು ಬಂದರೂ ವಿರೂಪಾಕ್ಷಮ್ಮ ಅವನ ಜಾಗ ಬಿಡಿಸಿರಲಿಲ್ಲ. "ಮದುವಿ ಮನ್ಯಾಗ ಕೂತ ದರ್ಜೀನ ಹೊಲಿಗಿ ಮುಗಿಯೋಮಟ ಎಬ್ಬಸಬಾರ್ದು. ಶುಭ ಅಲ್ಲ" ಎಂಬುದು ಆಕೆಯ ತವರಿನಿಂದ ಬಂದ ಕಾನೂನು.

ಪಡಸಾಲೆಯೆದುರು ಒಂದು ಎಳೆಯ ಅತ್ತಿ ಗಿಡ. ದೇವೇಂದ್ರಪ್ಪನ ಅಪ್ಪ ತೀರಿಹೋಗುವ ಮುಂಚಿನ ಮಳೆಗಾಲದಲ್ಲಿ ನೆಟ್ಟು, "ಶೇಖರೀ ಮದುವಿಗೆ ಇದೇ ಹಾಲಗಂಬ ಆಗಬೇಕು" ಎಂದಿದ್ದ. ಹಾಲು ಸುರಿಸುವ ಮರದ ಕಂಬವಿಲ್ಲದೆ ಹಂದರವೇ ಏಳದು. ಆ ಕಂಬವನ್ನು ಅಪ್ಪ ಬೆಳೆಸಿಟ್ಟು ಹೋಗಿದ್ದ.

ಬಾಬಾಸಾಬ ಕತ್ತರಿಸಿ ಬಿಸಾಡಿದ ಕೆಂಪು ದಾರದ ತುಂಡುಗಳು ಮಾಯವಾಗುವುದನ್ನು ಮೊದಲು ಕಂಡವನು ದೇವೇಂದ್ರಪ್ಪ. ಕಳ್ಳ ಹೆಬ್ಬೆರಳಿನಷ್ಟಿದ್ದ. ನೆತ್ತಿಗೆ ಕಾವಿ ಟೊಪ್ಪಿಗೆ, ಬೆನ್ನಿಗೆ ಎಲೆಹಸಿರು ಅಂಗಿ, ಕೆಳಗೆ ಮಾಸಲು ಬಿಳಿ ಧೋತರ. ಬಾಲವಂತೂ ಸಾಹೇಬರ ಮುಂದೆ ನಿಂತ ಜವಾನನ ಹಾಗೆ ಸದಾ ಸೆಟೆದದ್ದು. ಆ ಪುಟ್ಟ ಹಕ್ಕಿ ಅತ್ತಿಯ ಎರಡೆಲೆಗಳ ಅಂಚು ಕೂಡಿಸಿ, ಕೊಕ್ಕಿನಿಂದ ತೂತು ಕೊರೆದು, ದಾರ, ಹತ್ತಿ, ಜೇಡನ ನೂಲು ತೂರಿಸಿ ಜೋಳಿಗೆ ಹೊಲಿಯಿತು. ಗಂಟು ಹಾಕಲು ಬಾರದು. ತೂತಿನಾಚೆ ಎಳೆ ಹಿಂಜಿಕೊಂಡು ಉಬ್ಬಿ ತಾನೇ ಗಂಟಾಗಿ ನಿಂತಿತು. ಎಲೆ ಗಿಡಕ್ಕೇ ಹತ್ತಿದ್ದರಿಂದ ಗೂಡೂ ಹಸಿರು. ಪಕ್ಕದಲ್ಲಿ ನಿಂತವನಿಗೂ ಕಾಣದು. ದೇವೇಂದ್ರಪ್ಪ "ಟುವ್ವಿ, ಟುವ್ವಿ" ಎಂದರೆ ಗಂಡುಹಕ್ಕಿ ಎದುರಾಳಿ ಬಂದನೆಂದು ಎದೆಯುಬ್ಬಿಸಿ ಹೊರಗೆ ಹಾರುತ್ತಿತ್ತು. ಈ ಜಗಳ ಅವನಿಗೆ ದಿನವೂ ಬೇಕು.

ಈಗ ಗೂಡಿನಲ್ಲಿ ರೆಕ್ಕೆ ಬಲಿಯದ ಮರಿಗಳಿದ್ದವು. ಆಗಲೇ ಹಂದರದ ದಿನವೂ ಬಂದು, ಆಳು ಕೊಟ್ರಪ್ಪ ಕೊಡಲಿ ಹಿಡಿದು ನಿಂತ.

"ಅವ್ವಾ, ಕಡಸಬ್ಯಾಡ. ಗಿಡದಾಗ ದರ್ಜಿ ಸಂಸಾರ ಹೂಡ್ಯಾನ."

"ದರ್ಜಿ ಅಲ್ಲಿ ಕೂತು ಚಹಾ ಕುಡ್ಯಾಕತ್ಯಾನಲ್ಲೋ!"

"ಅಂವಲ್ಲ. ಮಿಷಿನ್ ಇಲ್ಲದ ದರ್ಜಿ. ಕೇಳಿಲ್ಲಿ."

"ಟುವ್ವಿ, ಟುವ್ವಿ, ಟುವ್ವಿ" ಎಂದಿತು ಗಿಡ.

"ಸಾಕು ನಿನ್ನ ಆಟ! ಸತ್ತ ಮಾವಗ ಚಹಾ ತರಿಸಿದಂವಗ ಹಕ್ಕಿ ಕೂಗ್ಸೋದು ಯಾ ದೊಡ್ಡ ಮಾತು? ಕೊಟ್ರಾ, ಹಾಕು ಏಟು."

ಜೀವಮಾನದಲ್ಲಿ ಮೊದಲ ಸಲ ದೇವೇಂದ್ರಪ್ಪನಿಗೆ ತನ್ನ ಗಂಟಲಿನ ಮೇಲೆಯೇ ಸಿಟ್ಟು ಬಂತು. ಗಿಡಕ್ಕೆ ಅಡ್ಡ ನಿಂತ.

ಬಾಬಾಸಾಬ ಚಹಾದ ಬಸಿ ಕೆಳಗಿಟ್ಟ. "ಅವ್ವಾರ, ಇಮ್ತಿಹಾನ್ ಮಾಡ್ರಿ. ಅವನ ಬಾಯಿತುಂಬ ನೀರು ಹಾಕಿ ನಿಂದರಸ್ರಿ. ಆಮ್ಯಾಲೆ ಯಾರು ಕೂಗತಾರ ನೋಡೂಣು."

ತಂಬಿಗೆ ಬಂತು. ದೇವೇಂದ್ರಪ್ಪ ಕೆನ್ನೆಯುಬ್ಬಿಸಿ ನಿಂತ. ಹಕ್ಕಿ ಸುಮ್ಮನಾಯಿತು. ಕೊಟ್ರಪ್ಪ ಕೊಡಲಿ ಎತ್ತಿದ. ಅಷ್ಟರಲ್ಲಿ "ಟುವ್ವಿ, ಟುವ್ವಿ!" ಹೆಬ್ಬೆರಳಿನಷ್ಟು ಮೈಯಿಂದ ಓಣಿಗೆಲ್ಲ ಕೇಳುವ ದನಿ. ದೇವೇಂದ್ರಪ್ಪನಿಗೆ ನಗು ತಡೆಯದೆ ನೀರೆಲ್ಲ ಕೊಟ್ರಪ್ಪನ ಮೇಲೆ.

ವಿರೂಪಾಕ್ಷಮ್ಮ ಬಗ್ಗಿ ಎಲೆಯೊಳಗೆ ಇಣುಕಿದಳು. ಮಗಳ ಕುಬಸದ ಕೆಂಪು ದಾರದ ಕೆಳಗೆ ಹಳದಿ ಬಾಯಿಗಳು ತೆರೆದುಕೊಂಡವು.

"ಪಾಪ... ಗೂಡಿದ್ದ ಟೊಂಗಿ ಕೊಯ್ದು ಬ್ಯಾರೆ ಕಡೆ ಕಟ್ಟಿದ್ರ?"

"ಎಲಿ ಒಣಗಿ ಮುದುಡಿದ್ರ ಹೊಲಿಗಿ ಹರೀತೈತಿ, ಅವ್ವಾ."

"ಮತ್ತ ನಿಮ್ಮಪ್ಪನ ಮಾತು?" ಆಕೆಯ ದನಿ ಸಣ್ಣದಾಯಿತು.

ಬಾಬಾಸಾಬ ಮೆಲ್ಲಗೆ ಅಂದ, "ಮದುವಿ ಮನ್ಯಾಗ ಕೂತ ದರ್ಜೀನ ಎಬ್ಬಸಬಾರ್ದು ಅಂತ ನೀವ ಅಂತಿದ್ರಲ್ರಿ. ಅವನೂ ಕೂತಾನ."

ವಿರೂಪಾಕ್ಷಮ್ಮ ಗಿಡದ ಕಾಂಡವನ್ನು ಒಮ್ಮೆ ಸವರಿದಳು. "ಅವರು ಹಾಲಗಂಬ ಆಗಲಿ ಅಂದಿದ್ರು. ಕಡೀರಿ ಅಂದಿದ್ದಿಲ್ಲ. ಕೊಟ್ರಾ, ಕೊಡಲಿ ಇಡು. ಹಂದರಾನ ಇಲ್ಲಿಗೆ ತರ್ರಿ."

"ಬಾಬಾಸಾಬ ಕಾಕಾ," ದೇವೇಂದ್ರಪ್ಪನ ನಾಲಿಗೆ ಮತ್ತೆ ಚಿಗುರಿತು, "ನಾ ಪಾಸಾಗಿದ್ದು ಮೂರನೇ ದರ್ಜಿ. ನೀವು ಎರಡನೇ ದರ್ಜಿ. ಮೊದಲನೇ ದರ್ಜಿ ಗಿಡದಾಗ ಅದಾನ."

ಬೇರಿರುವ ಹಾಲಗಂಬಕ್ಕೇ ಅರಿಸಿನ ಹಚ್ಚಿ, ಹಿತ್ತಲಲ್ಲೇ ಹಂದರ ಹಾಕಿದರು. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಕಂಬ ಕೂಗಿತು: "ಟುವ್ವಿ, ಟುವ್ವಿ!" ಬೀಗರೆಲ್ಲ ಸಿಟ್ಟಿನಿಂದ ವಧುವಿನ ಅಣ್ಣನತ್ತ ತಿರುಗಿದರು. ಅವನ ಗಂಟಲಿನ ಕೀರ್ತಿ ಅವರೂರು ಕುಷ್ಟಗಿಯವರೆಗೂ ಹಬ್ಬಿತ್ತು.

ವಿರೂಪಾಕ್ಷಮ್ಮ ಹೆಮ್ಮೆಯಿಂದ ಮಗನತ್ತ ಕೈ ತೋರಿದಳು. ಆಕೆಯೇ ಬೆಳಿಗ್ಗೆ ತಂಬಿಗೆ ಕೈಗಿಟ್ಟು ಹೇಳಿದ್ದಂತೆ, ದೇವೇಂದ್ರಪ್ಪ ಕೆನ್ನೆ ತುಂಬ ನೀರು ಹಿಡಿದು, ಕಣ್ಣಲ್ಲೂ ನೀರು ತುಂಬಿಕೊಂಡು, ತಂಗಿಗೆ ಅಕ್ಷತೆ ಹಾಕುತ್ತಿದ್ದ.