ಅಮ್ಮನಿಗೊಂದು ಕಾವಿಯ ಅಂಚು

ನಮ್ಮೂರ ವಿಹಾರದ ಹಿರಿಯ ಭಿಕ್ಷು ದೊಡ್ಡ ಭಂತೆಯನ್ನು ಪೊಲೀಸರು ಹಿಡಿದುಕೊಂಡು ಹೋದ ದಿನ ನಾನು ಅಂಗಡಿಯಲ್ಲಿ ಮೀನಿನ ಸಾರಿಗೆ ತೆಂಗಿನ ಹಾಲು ಹಿಂಡುತ್ತಿದ್ದೆ. ಐಸು ಮಾರುವ ಚಾಮ್ನೊಂಗ್ ಗಾಡಿ ನಿಲ್ಲಿಸದೆಯೇ ಸುದ್ದಿ ಹೇಳಿಕೊಂಡು ಹೋದ, ಬ್ಯಾಂಕಾಕಿನಿಂದ ನಾಲ್ಕು ಕಾರು ಬಂದಿವೆ, ವಿಹಾರದ ಬೀರು ಒಡೆಯುತ್ತಿದ್ದಾರೆ ಎಂದು. ಕೈ ಕೂಡ ತೊಳೆಯದೆ ಓಡಿದೆ. ನಾನು ಹೋಗುವಷ್ಟರಲ್ಲಿ ಕಾವಿ ಬಿಚ್ಚಿಸಿ ಬಿಳಿ ಬಟ್ಟೆ ಉಡಿಸಿಯಾಗಿತ್ತು. ಮೂವತ್ತು ವರ್ಷ ಯಾರ ಮುಂದೆ ಹಣೆ ನೆಲಕ್ಕೆ ಹಚ್ಚಿದ್ದೆನೋ ಆ ಮನುಷ್ಯ ಬಿಳಿ ಬಟ್ಟೆಯಲ್ಲಿ ಯಾವನೋ ಅಕ್ಕಿ ಮಂಡಿಯ ಗುಮಾಸ್ತನ ಹಾಗೆ ಕಂಡ. ಕಾರು ಹತ್ತುವಾಗ ಚಪ್ಪಲಿ ಹುಡುಕುತ್ತಿದ್ದ.

ಆರೋಪ ಇಷ್ಟು: ಆರು ವರ್ಷದ ಹಿಂದೆ ದೊಡ್ಡ ಬುದ್ಧನ ವಿಗ್ರಹ ಎರಕ ಹೊಯ್ಯುವಾಗ ಊರ ಹೆಂಗಸರು ಕಂಚಿನ ಜೊತೆ ಕರಗಲಿ ಎಂದು ಕೊಟ್ಟ ಉಂಗುರ, ಓಲೆ, ಸರ ಯಾವುದೂ ಕರಗಲೇ ಇಲ್ಲ, ಗಡಿಯಾಚೆಯ ಜೂಜುಮನೆಗೆ ಹೋಗಿದೆ. ನಂಬುವುದೋ ಬಿಡುವುದೋ ಎಂದು ಊರು ನಾಲ್ಕು ದಿನ ತೂಗಾಡಿತು. ಐದನೆಯ ದಿನ ತಜ್ಞರು ಬಂದು ವಿಗ್ರಹದ ಬೆನ್ನಿಗೆ ಸಣ್ಣ ತೂತು ಕೊರೆದು ಪುಡಿ ತೆಗೆದು ನೋಡಿದರು. ಬರೀ ಹಿತ್ತಾಳೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆಮೇಲೆ ನಮ್ಮೂರ ಜನ ಆಡಿದ್ದು ನೋಡಬೇಕಿತ್ತು. ವಿಹಾರದಲ್ಲಿ ಹೆಸರು ಬರೆಯದ ವಸ್ತುವೇ ಇರಲಿಲ್ಲ. ಬೆಂಚು, ಫ್ಯಾನು, ಕಕ್ಕಸಿನ ಬಾಗಿಲು ಎಲ್ಲದರ ಮೇಲೂ ದಾನ ಕೊಟ್ಟವರ ಹೆಸರು. ದರ್ಜಿಯ ಹೆಂಡತಿ ಏಣಿ ತಂದು ತನ್ನ ಹೆಸರಿದ್ದ ಫ್ಯಾನನ್ನು ಬಿಚ್ಚಿಕೊಂಡು ಹೋದಳು. ಅದನ್ನು ಕಂಡು ಉಳಿದವರಿಗೂ ಬುದ್ಧಿ ಬಂತು. ಕೊರಳಲ್ಲಿ ದೊಡ್ಡ ಭಂತೆಯ ತಾಯಿತ ಕಟ್ಟಿಕೊಂಡಿದ್ದವರು ಅದನ್ನು ಕಿತ್ತು ವಿಹಾರದ ಬಾಗಿಲಿಗೆ ಎಸೆದರು. ಚಾಮ್ನೊಂಗನದು ಮಾತ್ರ ಬೇರೆ ಸಂಕಟ. ಅವನ ಹೆಂಡತಿಯ ಬೂದಿ ವಿಹಾರದ ಗೋಡೆಯ ಗೂಡಿನಲ್ಲಿತ್ತು. ಕಳ್ಳನ ಗೋಡೆಯಲ್ಲಿ ಅವಳು ಇರಕೂಡದು ಎಂದು ಗೂಡು ಒಡೆದು ಡಬ್ಬಿ ತೆಗೆದ. ತೆಗೆದ ಮೇಲೆ ಎಲ್ಲಿಡುವುದೆಂದು ತಿಳಿಯದೆ ಐಸಿನ ಗಾಡಿಯಲ್ಲೇ ಇಟ್ಟುಕೊಂಡು ಊರೆಲ್ಲ ತಿರುಗಿದ. ಆವತ್ತಿನಿಂದ ಅವನ ಕಣ್ಣು ನೆಟ್ಟಗಿರಲಿಲ್ಲ. ಅಕ್ಕಪಕ್ಕದ ಊರಿನ ಭಿಕ್ಷುಗಳ ವ್ಯಾನೊಂದು ಈ ದಾರಿಯಲ್ಲಿ ಹಾದಾಗ ಕಲ್ಲು ಹೊಡೆದದ್ದೂ ಅವನೇ.

ನನಗೇನು ಸಿಟ್ಟು ಇರಲಿಲ್ಲವೇ? ಎಲ್ಲರಿಗಿಂತ ಹೆಚ್ಚಿತ್ತು. ನಮ್ಮಮ್ಮನ ಒಂದೇ ಒಂದು ಚಿನ್ನದ ಸರ ಆ ಹಿತ್ತಾಳೆಯ ಹೆಸರಲ್ಲಿ ಹೋಗಿತ್ತು.

ನಮ್ಮಲ್ಲಿ ಮಗ ಕಾವಿ ಉಟ್ಟರೆ ತಾಯಿ ಆ ಕಾವಿಯ ಅಂಚು ಹಿಡಿದು ಸ್ವರ್ಗಕ್ಕೆ ಹೋಗುತ್ತಾಳೆ. ಒಂದು ಮಳೆಗಾಲ ಉಟ್ಟರೂ ಸಾಕು. ಹೆಣ್ಣುಮಕ್ಕಳು ನೂರು ಹಂಡೆ ಅನ್ನ ಬೇಯಿಸಿ ದಾನ ಕೊಟ್ಟರೂ ಆ ಅಂಚು ಸಿಗುವುದಿಲ್ಲ. ಈ ಮಾತಿಗೆ ನನಗೆ ಚಿಕ್ಕಂದಿನಿಂದ ಹೊಟ್ಟೆ ಉರಿ. ನನ್ನ ತಮ್ಮ ಪ್ರದಿತ್ ಭಾನುವಾರ ತಲೆ ಬೋಳಿಸಿಕೊಳ್ಳಬೇಕಿತ್ತು, ಗುರುವಾರ ಮರಳಿನ ಲಾರಿಗೆ ಸಿಕ್ಕಿ ಹೋದ. ಅವನಿಗೆ ಇಪ್ಪತ್ತೊಂದು ವರ್ಷ. ಅಮ್ಮ ಅತ್ತದ್ದು ಒಂದು ವಾರ. ಆಮೇಲೆ ಉಳಿದದ್ದು ಒಂದೇ ಮಾತು, ನಾನು ಏನು ಹಿಡಿದುಕೊಂಡು ಹೋಗಲಿ ಎಂದು. ಎಷ್ಟೋ ವರ್ಷದ ಮೇಲೆ ಎರಕದ ದಿನ ದೊಡ್ಡ ಭಂತೆ ಅವಳಿಗೆ ಹೇಳಿದರು, ನಿನ್ನ ಸರ ಬುದ್ಧನ ಮೈಮೇಲಿನ ಚೀವರದ ಅಂಚಿಗೇ ಹೋಗುತ್ತದೆ ತಾಯೀ, ಅದನ್ನೇ ಹಿಡಿದುಕೋ ಎಂದು. ಅಮ್ಮ ಆ ರಾತ್ರಿ ಗೊರಕೆ ಹೊಡೆದು ನಿದ್ದೆ ಮಾಡಿದಳು. ಅಂಥವಳಿಗೆ ಮೋಸ ಮಾಡಿದವನ ಕೈ ಸೇದಿಹೋಗಬಾರದೇ!

ಭಂತೆಯನ್ನು ಹಿಡಿದಾಗ ಅಮ್ಮನಿಗೆ ಎಂಬತ್ತಾರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ವರ್ಷದಿಂದ ಮಲಗಿಯೇ ಇದ್ದಳು. ಕಡೆಯ ಉಸಿರಿನ ಹೊತ್ತಿಗೆ ಮನಸ್ಸು ಎಲ್ಲಿ ನಿಂತಿರುತ್ತದೋ ಮುಂದಿನ ಹುಟ್ಟು ಅಲ್ಲೇ. ಕದಡಿದ ಮನಸ್ಸಿನಲ್ಲಿ ಹೋದವರು ಕೆಟ್ಟ ಕಡೆ ಹುಟ್ಟುತ್ತಾರೆ. ಹಾಗಾಗಿ ನಾನು ಟಿವಿಯ ತಂತಿ ಕಿತ್ತೆ. ನೋಡಲು ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಆ ಸುದ್ದಿ ಎತ್ತಬಾರದೆಂದು ತಾಕೀತು ಮಾಡಿದೆ. ದೊಡ್ಡ ಭಂತೆ ಎಲ್ಲಿ ಎಂದು ಅಮ್ಮ ಕೇಳಿದರೆ ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾರೆ ಎಂದೆ. ಕೋಣೆಗೂ ಅಂಗಡಿಗೂ ನಡುವೆ ಇದ್ದದ್ದು ಒಂದೇ ಹಲಗೆ ಗೋಡೆ. ಪುಣ್ಯಕ್ಕೆ ಅಮ್ಮನ ಕಿವಿ ಮಂದ. ಗದ್ದಲ ಕೇಳುತ್ತಿತ್ತೇ ಹೊರತು ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ. ನನ್ನ ಗಂಟಲೊಂದನ್ನು ಬಿಟ್ಟು. ಸಂತೆಯಲ್ಲಿ ಬೆಳೆದ ಗಂಟಲು, ಗೋರಿಯಲ್ಲಿದ್ದವರಿಗೂ ಕೇಳುತ್ತದೆ ಎಂದು ಅಮ್ಮನೇ ಅನ್ನುತ್ತಿದ್ದಳು.

ಮನೆಯೊಳಗೆ ಇಷ್ಟು ಜಾಣತನ ತೋರಿಸಿದವಳು ಬೀದಿಯಲ್ಲಿ ಏನು ಮಾಡಿದೆ ಗೊತ್ತೇ? ವಿಹಾರದಲ್ಲಿ ಉಳಿದಿದ್ದವರು ಐವರು ಭಿಕ್ಷುಗಳು. ನಾಲ್ವರು ವಾರದೊಳಗೆ ಗಂಟು ಕಟ್ಟಿದರು. ಉಳಿದವರು ಥವಿನ್ ಭಂತೆ ಒಬ್ಬರೇ. ಮೊದಲು ಬಸ್ಸಿನ ಮೆಕ್ಯಾನಿಕ್ ಆಗಿದ್ದವರು, ನಲವತ್ತು ದಾಟಿತ್ತು, ಉಪದೇಶ ಮಾಡಲು ಬಾರದು, ವಿಹಾರದ ನಲ್ಲಿ ಸರಿಮಾಡಿಕೊಂಡು ಇರುವವರು. ಆ ನಾಲ್ವರು ಹೋದ ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಪಾತ್ರೆ ಹಿಡಿದು ಬರಿಗಾಲಲ್ಲಿ ನನ್ನ ಅಂಗಡಿಯ ಮುಂದೆ ನಿಂತರು. ನಮ್ಮ ಬೀದಿಯಲ್ಲಿ ಮೊದಲ ಸೌಟು ಅನ್ನ ಯಾವಾಗಲೂ ನಮ್ಮ ಮನೆಯದೇ. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ನಾನು ಸೌಟಿನ ಅನ್ನವನ್ನು ಬೀದಿ ನಾಯಿಗೆ ಸುರಿದು, ಹಸಿವಾದರೆ ನಿಮ್ಮ ಗುರುವಿನ ಜೂಜುಮನೆಗೆ ಹೋಗಿ ಕೇಳಿ ಎಂದೆ. ಜನ ನಕ್ಕರು. ಅವರು ಪಾತ್ರೆಯ ಮುಚ್ಚಳ ಹಾಕಿ ಮುಂದಿನ ಮನೆಗೆ ನಡೆದರು. ಅಲ್ಲೂ ಯಾರೂ ಹಾಕಲಿಲ್ಲ. ಹನ್ನೊಂದು ದಿನ ದಿನವೂ ಬಂದರು, ನಿಂತರು, ಹೋದರು. ಹನ್ನೆರಡನೆಯ ದಿನ ಬರಲಿಲ್ಲ.

ಆ ದಿನವೇ ಅಮ್ಮನ ಪಾದ ತಣ್ಣಗಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಉಸಿರು ಗಂಟಲಿಗೆ ಬಂತು.

"ಒಬ್ಬ ಭಿಕ್ಷುನಾದ್ರೂ ಕರಿಯೇ" ಎಂದಳು. "ಯಾರಾದ್ರೂ ಸರಿ. ಕಾವಿ ಕಣ್ಣಿಗೆ ಬೀಳಲಿ."

ಅವಳ ಕೈ ಹೊದಿಕೆಯ ಮೇಲೆ ಏನನ್ನೋ ತಡಕುತ್ತಿತ್ತು. ಮೂರು ಊರಿನ ವಿಹಾರಗಳಿಗೆ ಫೋನು ಮಾಡಿದೆ. ನಮ್ಮೂರ ಹೆಸರು ಕೇಳಿದ ಕೂಡಲೇ ಒಬ್ಬರಿಗೆ ಜ್ವರ, ಒಬ್ಬರಿಗೆ ಗಾಡಿಯಿಲ್ಲ. ಕಲ್ಲೇಟು ತಿನ್ನಲು ಯಾರು ಬಂದಾರು? ನಮ್ಮ ವಿಹಾರಕ್ಕೆ ಓಡಿದೆ. ಥವಿನ್ ಭಂತೆಯ ಕುಟೀರ ಗುಡಿಸಿ ಸ್ವಚ್ಛವಾಗಿತ್ತು. ಬಸ್ ನಿಲ್ದಾಣದ ಕಡೆ ಹೋದರು ಎಂದು ಕಸ ಗುಡಿಸುವವಳು ಹೇಳಿದಳು.

ನಿಲ್ದಾಣದ ನೂಡಲ್ಸ್ ಅಂಗಡಿಯಲ್ಲಿ ಅವರು ಯಾರದೋ ದೊಗಳೆ ನೀಲಿ ಅಂಗಿ ಹಾಕಿಕೊಂಡು ಕೂತಿದ್ದರು. ತಲೆಯಲ್ಲಿ ಕೂದಲಿಲ್ಲ, ಬೋಳಿಸಿದ ಹುಬ್ಬು ಇನ್ನೂ ಬೆಳೆದಿಲ್ಲ. ಎಷ್ಟು ದೂರದಿಂದ ನೋಡಿದರೂ ಇವತ್ತಷ್ಟೇ ಕಾವಿ ಬಿಟ್ಟವರೆಂದು ಗೊತ್ತಾಗುತ್ತಿತ್ತು. ಗಂಟೆ ಒಂದೂವರೆ. ಆರು ವರ್ಷದಿಂದ ಮಧ್ಯಾಹ್ನದ ಮೇಲೆ ಉಣ್ಣದ ಮನುಷ್ಯ, ಬಟ್ಟಲು ಮುಂದಿಟ್ಟುಕೊಂಡು ತಿನ್ನದೆ ಸುಮ್ಮನೆ ನೋಡುತ್ತಿದ್ದರು.

"ಭಂತೆ" ಎಂದೆ.

"ಭಂತೆ ಅಲ್ಲ ಅಕ್ಕ. ಬೆಳಿಗ್ಗೆ ಪಕ್ಕದೂರಿನ ಹಿರಿಯ ಭಂತೆ ಮುಂದೆ ಕಾವಿ ಬಿಟ್ಟು ಬಂದೆ. ಥವಿನ್ ಅನ್ನಿ, ಸಾಕು."

ಕಾವಿ ಉಟ್ಟಿದ್ದಾಗ ನನ್ನನ್ನು ತಾಯೀ ಎನ್ನುತ್ತಿದ್ದರು. ನನಗೆ ಮುಖವೆತ್ತಲು ಆಗಲಿಲ್ಲ. ಆದರೂ ಹೇಳಿದೆ, ಅಮ್ಮನ ಸ್ಥಿತಿ, ಪ್ರದಿತ್, ಸರ, ಅಂಚು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಚೀಲದಲ್ಲಿ ಕಾವಿ ಇನ್ನೂ ಇದೆಯಲ್ಲ, ಅರ್ಧ ಗಂಟೆ ಉಟ್ಟರೆ ಸಾಕು ಎಂದೆ.

"ಬಿಟ್ಟ ಮೇಲೆ ಉಡೋದು ವೇಷ ಆಗುತ್ತೆ ಅಕ್ಕ. ಜೈಲಿಗೆ ಹಾಕ್ತಾರೆ."

"ಅಮ್ಮನಿಗೆ ಗೊತ್ತಾಗಲ್ಲ."

"ನಮ್ಮ ಗುರುಗಳೂ ಹಾಗೇ ಅಂದ್ಕೊಂಡಿದ್ರೇನೋ" ಎಂದರು. ಚುಚ್ಚಲು ಆಡಿದ ಮಾತಲ್ಲ, ಇದ್ದದ್ದನ್ನು ಇದ್ದ ಹಾಗೆ ಅಂದರು. ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಕಾಲು ಹಿಡಿಯಲು ಬಗ್ಗಿದೆ. ಹೆಂಗಸಿನ ಕೈ ತಾಗಬಾರದೆಂಬ ಹಳೆಯ ಅಭ್ಯಾಸಕ್ಕೆ ಪಾದ ಹಿಂದಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತು ಬಸ್ಸಿನ ಕಡೆ ನೋಡಿದರು.

"ಅಜ್ಜಿ ಬೇಯಿಸಿದ ಅನ್ನ ನಾಲ್ಕು ವರ್ಷ ಉಂಡಿದೀನಿ. ನಡೀರಿ" ಎಂದು ಎದ್ದರು.

ಹಿತ್ತಲ ದಾರಿಯಿಂದ ಕರೆತಂದೆ. ನನ್ನ ಅಡುಗೆಮನೆಯಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕ ನಿಂತು ಕಾವಿ ಉಟ್ಟುಕೊಂಡರು. ಒಳಗೆ ಹೋಗಿ ಅಮ್ಮನ ಮಗ್ಗುಲಲ್ಲಿ ಕೂತಾಗ ಅವಳ ಮುಖ ನೋಡಬೇಕಿತ್ತು. ಎಷ್ಟು ವರ್ಷವಾಗಿತ್ತೋ ನಾನು ಆ ನಗು ಕಂಡು. ಅವರು ಹೆಗಲ ಮೇಲಿನ ಬಟ್ಟೆಯ ತುದಿಯನ್ನು ಮಂಚದ ಮೇಲೆ ಹರಡಿದರು. ಅಮ್ಮನ ಬೆರಳು ತಡಕುತ್ತ ಹೋಗಿ ಅಂಚು ಸಿಕ್ಕಿದ ಕೂಡಲೇ ಮುಷ್ಟಿ ಕಟ್ಟಿತು. ಅವರು ಮೆಲ್ಲಗೆ ಪಠಿಸಿದರು. ಸ್ವರ ಒಡೆದಿತ್ತು, ನಡುವೆ ಎರಡು ಸಲ ನಿಲ್ಲಿಸಿದರು.

"ಪ್ರದಿತ್ ಇದ್ದಿದ್ರೆ ಇಷ್ಟೇ ವಯಸ್ಸಾಗಿರ್ತಿತ್ತು" ಎಂದಳು ಅಮ್ಮ. ಆಮೇಲೆ ಎಲ್ಲ ಸರಿಹೋಯಿತು ಎಂಬಂತೆ ಮುಷ್ಟಿ ತಾನಾಗಿ ಸಡಿಲವಾಯಿತು. ಉಸಿರು ಮಾತ್ರ ಇತ್ತು, ಕಣ್ಣು ತೆರೆದೇ ಇತ್ತು.

ಅವರು ಎದ್ದು ಅಡುಗೆಮನೆಗೆ ತಿರುಗುವಷ್ಟರಲ್ಲಿ ಅಂಗಡಿಯಲ್ಲಿ ಕಾಲಸಪ್ಪಳವಾಯಿತು. ಬೋಳು ಹುಬ್ಬಿನವನು ನನ್ನ ಹಿಂದೆ ಬಂದದ್ದನ್ನು ನಿಲ್ದಾಣದಲ್ಲಿ ಯಾರೋ ನೋಡಿದ್ದರು. ಚಾಮ್ನೊಂಗ್ ಮುಂದೆ, ಅವನ ಹಿಂದೆ ಹತ್ತಿಪ್ಪತ್ತು ಜನ, ಎಲ್ಲರ ಕೈಯಲ್ಲೂ ಮೊಬೈಲು. ಜನ ಕೋಣೆಯ ಬಾಗಿಲಿಗೆ ಬರದಿರಲಿ ಎಂದು ಥವಿನ್ ತಾವೇ ಅಂಗಡಿಗೆ ನಡೆದರು. ನಾನು ಬಾಗಿಲಲ್ಲಿ ನಿಂತೆ.

ಬೆಳಿಗ್ಗೆ ಬಿಟ್ಟವನು ಮಧ್ಯಾಹ್ನ ಉಟ್ಟಿದ್ದಾನೆ, ಸಾಯುವ ಮುದುಕಿಯ ಕಿವಿಯ ಓಲೆಗೆ ಬಂದಿದ್ದಾನೆ, ಗುರುವಿಗೆ ತಕ್ಕ ಶಿಷ್ಯ ಎಂದು ತಲೆಗೊಂದು ಮಾತು ಅಂದರು. ಚಾಮ್ನೊಂಗ್ ಹತ್ತಿರ ಬಂದು ಕೊರಳ ಬಳಿ ಕಾವಿ ಹಿಡಿದ.

"ಇನ್ನೂ ಎಷ್ಟು ಜನರ ಹೆಣ ತಿಂತೀರೋ?" ಎಂದ.

ನಾನೇ ಕರೆದದ್ದು, ನಾನೇ ಉಡಿಸಿದ್ದು ಎನ್ನಬೇಕಿತ್ತು. ಅಷ್ಟೇ ಮಾತು. ಮುಂದೆ ಹೋಗಿ ಚಾಮ್ನೊಂಗನ ತೋಳು ಹಿಡಿದು ಮೆಲ್ಲಗೆ ಹೇಳಿದೆ. ಅವನಿಗೆ ಕೇಳಲೇ ಇಲ್ಲ. ಆ ಗದ್ದಲದಲ್ಲಿ ಕೇಳಬೇಕಾದರೆ ನಾನು ಗಂಟಲು ಎತ್ತಬೇಕು. ಎತ್ತಿದರೆ ಹಲಗೆಯ ಆಚೆ ಅಮ್ಮನಿಗೆ ಒಂದೊಂದು ಅಕ್ಷರವೂ ಕೇಳುತ್ತದೆ. ಥವಿನ್ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ, ಮುಚ್ಚಿದೆ.

"ನಾನೇ ಬಂದೆ" ಎಂದರು ಅವರು ಜನರಿಗೆ. "ಒಳಗೆ ಕಾಯಿಲೆಯವರಿದ್ದಾರೆ. ಹೊರಗೆ ನಡೀರಿ, ಅಲ್ಲಿ ಏನು ಬೇಕಾದ್ರೂ ಮಾಡಿ."

ಜನ ಅವರನ್ನು ಹೊರಗೆ ಎಳೆದುಕೊಂಡು ಹೋದರು. ಮೊದಲ ಏಟಿನ ಸದ್ದು ಬಂದಾಗ ನಾನು ಅಮ್ಮನ ಹತ್ತಿರ ಓಡಿದೆ.

"ಏನೇ ಅದು ಗಲಾಟೆ?"

"ಭಂತೆ ಹೊರಗೆ ಬಂದ್ರಲ್ಲಮ್ಮ, ಕೈ ಮುಗಿಯೋಕೆ ಜನ ಸೇರಿದ್ದಾರೆ."

ಅಮ್ಮ ಸಂತೋಷಪಟ್ಟಳು. ಕಣ್ಣಂಚಿನಲ್ಲಿ ನೀರು ಬಂತು. "ನೀನೂ ಹೋಗು ಲಮುನ್" ಎಂದಳು. "ಮುಂದೆ ನಿಂತ್ಕೋ. ನಿನಗೂ ಸ್ವಲ್ಪ ಪುಣ್ಯ ಬರಲಿ."

ನಾನು ಹೋಗಲಿಲ್ಲ. ಅವಳ ಕೈ ಹಿಡಿದು ಕೂತೆ. ಹೊರಗಿನ ಸದ್ದು ನಿಲ್ಲುವ ಮೊದಲೇ ಅಮ್ಮನ ಉಸಿರು ನಿಂತಿತು. ಮುಖ ತಿಳಿಯಾಗಿತ್ತು, ಮಗು ನಿದ್ದೆ ಹೋದ ಹಾಗೆ.

ಅಮ್ಮನನ್ನು ಸುಟ್ಟ ಮೂರನೆಯ ದಿನ ಠಾಣೆಗೆ ಹೋಗಿ ಎಲ್ಲ ಹೇಳಿದೆ. ಆತ ತಪ್ಪೊಪ್ಪಿಕೊಂಡು ಸಹಿ ಹಾಕಿಯಾಗಿದೆ, ಎಡಗಣ್ಣಿಗೆ ಏಟು ಬಿದ್ದು ಜಿಲ್ಲಾಸ್ಪತ್ರೆಯಲ್ಲಿದ್ದಾನೆ, ನಿಮ್ಮ ಹೆಸರು ಎಲ್ಲೂ ಹೇಳಿಲ್ಲ, ಸುಮ್ಮನೆ ಮನೆಗೆ ಹೋಗಿ ಎಂದರು. ಆಸ್ಪತ್ರೆಗೆ ಹೋದೆ. ಥವಿನ್ ಗೋಡೆಯ ಕಡೆ ತಿರುಗಿ ಮಲಗಿದ್ದರು, ಕಣ್ಣಿಗೆ ಪಟ್ಟಿ. ತಂದ ಅನ್ನದ ಡಬ್ಬಿಯನ್ನು ಪಕ್ಕದಲ್ಲಿಟ್ಟೆ. ಅವರು ತಿರುಗದೆಯೇ ಕೇಳಿದರು.

"ಅಜ್ಜಿ ನಂಬಿದ್ರಾ?"

"ನಂಬಿದಳು."

"ಸರಿ" ಎಂದರು. ಅನ್ನ ಮುಟ್ಟಲಿಲ್ಲ.