ರಾಮಸ್ವಾಮಿ ಬರೆದ ಭಾಗ

ನನ್ನ ತಮ್ಮ ರಾಮಸ್ವಾಮಿ ತೀರಿಕೊಂಡದ್ದು ೧೯೮೭ರ ಮಾಘದಲ್ಲಿ. ಚಾಮರಾಜಪೇಟೆಯ ಒಂದು ಸಣ್ಣ ಉಪಕರಣ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಔಷಧ ಪರೀಕ್ಷೆಯ ಬಿಸಿಪೆಟ್ಟಿಗೆಯನ್ನು ಕಂಪ್ಯೂಟರಿನಿಂದ ನಡೆಸುವ ಪ್ರೋಗ್ರಾಮನ್ನು ಅವನು ಫೋರ್ಟ್ರಾನ್ ಭಾಷೆಯಲ್ಲಿ ಬರೆದಿದ್ದ. ಬರೆದ ಮೂಲವೆಲ್ಲ ಮನೆಯಲ್ಲಿ, ಫ್ಲಾಪಿಗಳಲ್ಲಿ ಇತ್ತು. ಸೂತಕ ಕಳೆದ ದಿನ ಅವನ ಹೆಂಡತಿ ಕಮಲಮ್ಮ ಕೋಣೆಯಲ್ಲಿದ್ದುದನ್ನೆಲ್ಲ ತೊಳೆದು ಬಿಸಿಲಿಗೆ ಹಾಕಿದಳು, ಫ್ಲಾಪಿಗಳನ್ನೂ. ಅವಳಿಗೇನು ಗೊತ್ತು? ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ.

ಆಫೀಸಿನಲ್ಲಿ ಉಳಿದದ್ದು ಕಂಪೈಲ್ ಆದ ರೂಪ ಮಾತ್ರ. ಅದನ್ನು ಯಂತ್ರ ಓದೀತು, ಮನುಷ್ಯರು ಓದಲಾರರು.

ಅವನ ಜಾಗಕ್ಕೆ ಬಂದ ವಿಶಾಲಾ ಬರೆಯುತ್ತಿದ್ದುದು ‘ಸಿ’ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯಲ್ಲಿ. ಪರದೆಯ ಮೇಲೆ ಅಂಕಿ ಕೇಳಿ ತೋರಿಸುವ ಭಾಗವನ್ನು ಹೊಸದಾಗಿ ಅದರಲ್ಲಿ ಬರೆದು, ತಮ್ಮನ ಭಾಗಕ್ಕೆ ಲಿಂಕ್ ಮಾಡಿ ಎರಡನ್ನೂ ಒಂದು ಪ್ರೋಗ್ರಾಮು ಮಾಡಿದಳು. ಮೊದಲ ಸಲ ನಡೆಸಿ ನೋಡಿದಾಗ, ನಲವತ್ತು ಡಿಗ್ರಿಗೆ ನಿಲ್ಲು ಎಂದರೆ ಪೆಟ್ಟಿಗೆ ತೊಂಬತ್ತು ದಾಟಿತು. ನಾನೇ ಓಡಿಹೋಗಿ ಪ್ಲಗ್ ಕಿತ್ತೆ.

"ಸಾರ್, ತಪ್ಪು ತಿಳ್ಕೋಬೇಡಿ. ರಾಮಸ್ವಾಮಿ ಸಾರ್ ಭಾಗದಲ್ಲೇ ಏನೋ ಕೆಟ್ಟಿದೆ. ತೆಗೆದುಹಾಕಿ ನಾನೇ ಬರೀತೀನಿ."

"ಒಂದು ದಿನ ತಡಿಯಮ್ಮ."

ಅವನ ಕೈಕೆಲಸವೆಂದು ಲೋಕದಲ್ಲಿ ಉಳಿದದ್ದು ಅದೊಂದೇ. ಮರುದಿನ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ತಪ್ಪು ಅವನದೇ ಆದರೆ ಒಪ್ಪುವ ಬುದ್ಧಿ ಕೊಡು ಎಂದಷ್ಟೇ ಬೇಡಿ ಹೊರಟೆ.

ನನಗೆ ಸಿ ಬಾರದು. ತಮ್ಮನ ಪಕ್ಕ ಕೂತು ಫೋರ್ಟ್ರಾನ್ ಮಾತ್ರ ಅಷ್ಟಿಷ್ಟು ತಿಳಿದಿತ್ತು. ಅವಳ ಅಚ್ಚು ಹಾಳೆಗಳನ್ನು ಹರಡಿಕೊಂಡು ಸಾಲುಸಾಲಾಗಿ ಕೇಳುತ್ತ ಹೋದೆ.

"ಇಲ್ಲೇನು ಮಾಡ್ತೀಯ?"

"ನಲವತ್ತನ್ನ ಅವರ ಭಾಗಕ್ಕೆ ಕೊಡ್ತೀನಿ."

"ಅಂಕಿಯನ್ನೇ ಕೊಡ್ತೀಯ?"

"ಇನ್ನೇನು ಮಜ್ಜಿಗೆ ಕೊಡ್ಲಾ ಸಾರ್?"

"ಫೋರ್ಟ್ರಾನು ಮಡಿ ಅಜ್ಜಿ ಹಾಗಮ್ಮ. ಕೈಗೆ ಕೊಟ್ರೆ ತಗೊಳ್ಳಲ್ಲ. ಒಂದು ಕಡೆ ಇಟ್ಟು, ಇಂಥಲ್ಲಿ ಇಟ್ಟಿದೀನಿ ಅಂತ ಹೇಳ್ಬೇಕು. ಅದೇ ಹೋಗಿ ಎತ್ಕೊಳ್ಳುತ್ತೆ."

ವಿಶಾಲಾ ಹಾಳೆಯನ್ನೇ ನೋಡುತ್ತ ನಿಂತಳು. "ಹಾಗಾದ್ರೆ ನಲವತ್ತನ್ನ ಅದು ಮೆಮೊರಿಲಿರೋ ಜಾಗದ ನಂಬರ್ ಅಂದ್ಕೊಂಡಿದೆ. ಅಲ್ಲಿ ಯಾವ ಅಂಕಿ ಬಿದ್ದಿತ್ತೋ ಅಷ್ಟಕ್ಕೆ ಕಾಯಿಸಿದೆ."

ಅಂಕಿಯ ಬದಲು ಅದಿರುವ ಜಾಗವನ್ನು ಕೊಡುವ ಒಂದು ಚಿಹ್ನೆಯನ್ನು ಆ ಸಾಲಿಗೆ ಸೇರಿಸಿ ಮತ್ತೆ ಕಂಪೈಲ್ ಮಾಡಿದಳು, ಮತ್ತೆ ಲಿಂಕ್ ಮಾಡಿದಳು. ಪೆಟ್ಟಿಗೆ ಮೂವತ್ತೆಂಟಕ್ಕೆ ಬಂತು, ನಿಧಾನಿಸಿತು, ನಲವತ್ತಕ್ಕೆ ನಿಂತಿತು. ಒಂದು ಗಂಟೆ ಕಾದೆವು. ಅಲ್ಲಾಡಲಿಲ್ಲ.

"ತಪ್ಪು ನಂದೇ ಸಾರ್. ಅವರದು ಹಾಗೇ ಇರ್ಲಿ."

ಹರಡಿದ್ದ ಹಾಳೆಗಳನ್ನು ಒಟ್ಟುಮಾಡಿ ಅವಳ ಕೈಗಿಟ್ಟೆ. ಆಮೇಲೆ ಹೇಳಿದೆ: "ಈ ಪೆಟ್ಟಿಗೆಗೆ ಇರಲಿ. ಮುಂದಿನದಕ್ಕೆ ನೀನೇ ಬರಿ. ನಾಳೆ ಇದು ಕೆಟ್ಟರೆ ಒಳಗೆ ಕೈ ಹಾಕೋರು ಯಾರಿದಾರೆ?"

"ಅವರು ಹೇಗೆ ಬರೆದಿದ್ರು ಅಂತ ಗೊತ್ತಾಗ್ಬೇಕಲ್ಲ ಸಾರ್."

"ಬರೆಯುವಾಗ ಅವನು ಗಟ್ಟಿಯಾಗಿ ಹೇಳಿಕೊಳ್ತಿದ್ದ. ನನ್ನ ಕಿವಿಗೆ ಬಿದ್ದಷ್ಟು ಹೇಳ್ತೀನಿ, ಕೂತ್ಕೋ."

ಅವಳು ಕುರ್ಚಿ ಎಳೆದುಕೊಂಡಳು. ನಲವತ್ತಕ್ಕೆ ಎಷ್ಟು ಮುಂಚೆ ಕಾವು ತಗ್ಗಿಸಬೇಕು ಎಂಬಲ್ಲಿಂದ ಶುರುಮಾಡಿದೆ.